ಗೇಮ್ ಕನ್ಸೋಲ್ ಎರರ್ ಕೋಡ್: ಎಲ್ಲ ಅಳಿಸುವ ಮುಂಚೆ ಓದಿ

ಆಟ ನಡುವಲ್ಲೇ ನಿಂತು ಪರದೆಯ ಮೇಲೆ ಸಿಇ-34878-0 ಅಂತ ಬಂದಾಗ ಬಹಳಷ್ಟು ಜನ ಆ ಸಂಖ್ಯೆಯನ್ನು ಹುಡುಕುತ್ತಾರೆ. ಸಿಕ್ಕ ಪಟ್ಟಿಯಲ್ಲಿರುವ ಹತ್ತು ಉಪಾಯಗಳನ್ನು ಮೇಲಿನಿಂದ ಕೆಳಗೆ ಮಾಡುತ್ತ ಹೋಗಿ, ಕೊನೆಗೆ ಕನ್ಸೋಲನ್ನೇ ಪೂರ್ತಿ ಇನಿಶಿಯಲೈಸ್ ಮಾಡಿಬಿಡುತ್ತಾರೆ, ಅಂದರೆ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುತ್ತಾರೆ. ನೂರಾರು ಗಂಟೆ ಆಡಿ ಉಳಿಸಿಕೊಂಡ ಸೇವ್ ಹೋಗುತ್ತದೆ. ಎರರ್ ಮಾತ್ರ ಸ್ವಲ್ಪ ದಿನ ಬಿಟ್ಟು ಮತ್ತೆ ಬಂದು ಕೂರುತ್ತದೆ.

ಯಾಕೆಂದರೆ ಎರರ್ ಕೋಡ್ ಹೇಳುವುದು ಕೆಲಸ ಎಲ್ಲಿ ನಿಂತಿತು ಎಂಬುದನ್ನು. ಯಾಕೆ ನಿಂತಿತು ಎಂಬುದನ್ನು ಅದು ಹೇಳುವುದಿಲ್ಲ. ಸಿಇ-34878-0 ಅಂದರೆ ಪ್ಲೇಸ್ಟೇಷನ್ 4ರಲ್ಲಿ (ಪಿಎಸ್4) ಆಟ ಕುಸಿದುಬಿತ್ತು, ಅಷ್ಟೇ. ಕುಸಿಯಲು ಆಟದ ಬಗ್ ಕಾರಣ ಇರಬಹುದು, ಕೆಟ್ಟ ಸೇವ್ ಇರಬಹುದು, ಸಾಯುತ್ತಿರುವ ಹಾರ್ಡ್ ಡಿಸ್ಕ್ ಇರಬಹುದು, ಧೂಳು ತುಂಬಿದ ಫ್ಯಾನ್ ಇರಬಹುದು. ನಾಲ್ಕಕ್ಕೂ ಕೋಡ್ ಒಂದೇ, ಪರಿಹಾರ ಮಾತ್ರ ಬೇರೆ ಬೇರೆ. ಹಾಗಾಗಿ ಕೋಡ್ ಎಷ್ಟು ಮುಖ್ಯವೋ ಅದು ಬಂದ ಸಂದರ್ಭವೂ ಅಷ್ಟೇ ಮುಖ್ಯ: ಯಾವ ಆಟದಲ್ಲಿ, ಆನ್ ಮಾಡಿ ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಾಗ. ಇವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಪಿಎಸ್5ನಲ್ಲಿ ಹಳೆಯ ಕೋಡ್‌ಗಳ ದಾಖಲೆಯೂ ಸಿಗುತ್ತದೆ: ಸೆಟ್ಟಿಂಗ್ಸ್, ಸಿಸ್ಟಮ್, ಸಿಸ್ಟಮ್ ಸಾಫ್ಟ್‌ವೇರ್, ಎರರ್ ಹಿಸ್ಟರಿ.

ಸೇವ್ ಮೊದಲು

ಯಾವ ರಿಪೇರಿಗೂ ಕೈಹಾಕುವ ಮುಂಚೆ ಸೇವ್ ಎಲ್ಲಿದೆ ಎಂದು ತಿಳಿದಿರಬೇಕು. ಇದು ಒಂದೊಂದು ಕನ್ಸೋಲಿನಲ್ಲಿ ಒಂದೊಂದು ಥರ.

ಪಿಎಸ್4ನಲ್ಲಿ ಸೇವ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಬಹುದು: ಸೆಟ್ಟಿಂಗ್ಸ್, ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್, ಸೇವ್ಡ್ ಡೇಟಾ ಇನ್ ಸಿಸ್ಟಮ್ ಸ್ಟೋರೇಜ್, ಕಾಪಿ ಟು ಯುಎಸ್‌ಬಿ. ಪಿಎಸ್5ನಲ್ಲಿ ಹಲವರು ಎಡವುವುದು ಇಲ್ಲೇ. ಪಿಎಸ್4 ಆಟಗಳ ಸೇವ್ ಅಲ್ಲಿಯೂ ಪೆನ್‌ಡ್ರೈವ್‌ಗೆ ಹೋಗುತ್ತದೆ, ಆದರೆ ಪಿಎಸ್5 ಆಟಗಳ ಸೇವ್ ಬಿಡಿಬಿಡಿಯಾಗಿ ಹೋಗುವುದಿಲ್ಲ. ಪ್ಲೇಸ್ಟೇಷನ್ ಪ್ಲಸ್ ಚಂದಾ ಇದ್ದರೆ ಕ್ಲೌಡ್‌ಗೆ ಏರಿಸಬಹುದು. ಇಲ್ಲದಿದ್ದರೆ ಇಡೀ ಕನ್ಸೋಲಿನ ಬ್ಯಾಕಪ್ಪನ್ನು ಯುಎಸ್‌ಬಿ ಡ್ರೈವ್‌ಗೆ ತೆಗೆಯಬೇಕು. ಕನ್ಸೋಲ್ ಇನ್ನೂ ಮೆನುವರೆಗೆ ಬರುತ್ತಿದ್ದರೆ ಈ ಕೆಲಸವನ್ನು ಇವತ್ತೇ ಮುಗಿಸಿ. ನಾಳೆ ಅದು ಮೆನುವರೆಗೆ ಬಾರದೇ ಹೋಗಬಹುದು.

ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಕನ್ಸೋಲ್‌ಗಳಲ್ಲಿ ಲಾಗಿನ್ ಆಗಿ ನೆಟ್‌ಗೆ ಸೇರಿದ್ದರೆ ಸೇವ್ ತಾನಾಗಿ ಕ್ಲೌಡ್‌ಗೆ ಹೋಗಿರುತ್ತದೆ. ನಿಂಟೆಂಡೊ ಸ್ವಿಚ್‌ನಲ್ಲಿ ಸೇವ್ ಯಾವಾಗಲೂ ಒಳಗಿನ ಮೆಮೊರಿಯಲ್ಲೇ ಇರುತ್ತದೆ, ಮೈಕ್ರೋ ಎಸ್‌ಡಿ ಕಾರ್ಡ್‌ಗೆ ಎಂದೂ ಹೋಗುವುದಿಲ್ಲ. ಕಾರ್ಡ್ ಕೆಟ್ಟರೆ ಮತ್ತೆ ಡೌನ್‌ಲೋಡ್ ಮಾಡುವ ಶ್ರಮ ಮಾತ್ರ, ಸೇವ್ ಕ್ಷೇಮ. ಆದರೆ ಕನ್ಸೋಲನ್ನು ಪೂರ್ತಿ ಇನಿಶಿಯಲೈಸ್ ಮಾಡಿದರೆ ಸೇವ್ ಹೋಯಿತು ಎಂದೇ ಲೆಕ್ಕ. ಅದರ ಕ್ಲೌಡ್ ಬ್ಯಾಕಪ್ ಎಲ್ಲ ಆಟಗಳಿಗೂ ಇಲ್ಲ ಎಂಬುದನ್ನೂ ಮರೆಯಬೇಡಿ.

ಸಂಖ್ಯೆಯನ್ನು ಓದುವ ಬಗೆ

ಪ್ಲೇಸ್ಟೇಷನ್ ಕೋಡಿನಲ್ಲಿ ಮೊದಲ ಎರಡು ಅಕ್ಷರಗಳೇ ಅರ್ಧ ಕೆಲಸ ಮುಗಿಸುತ್ತವೆ. ಸಿಇ ಎಂದು ಶುರುವಾದರೆ ಕನ್ಸೋಲಿನೊಳಗಿನ ತೊಂದರೆ: ಆಟ, ಡಿಸ್ಕ್, ಸ್ಟೋರೇಜ್. ಎಸ್‌ಯು ಬಂದರೆ ಸಿಸ್ಟಮ್ ಅಪ್‌ಡೇಟ್. ಎನ್‌ಡಬ್ಲ್ಯು ಬಂದರೆ ನಿಮ್ಮ ಮನೆಯ ನೆಟ್‌ವರ್ಕ್. ಎನ್‌ಪಿ ಮತ್ತು ಡಬ್ಲ್ಯುಎಸ್ ಸಾಮಾನ್ಯವಾಗಿ ಖಾತೆ ಮತ್ತು ಸರ್ವರ್ ಕಡೆಯವು. ಡಬ್ಲ್ಯುಎಸ್-37403-7 ಬಂದಾಗ ರೌಟರನ್ನು ರೀಸೆಟ್ ಮಾಡುತ್ತ ಕೂರುವುದು ವ್ಯರ್ಥ, ಅದು ಸರ್ವರ್ ನಿರ್ವಹಣೆಯಲ್ಲಿದೆ ಎಂಬ ಸೂಚನೆ. ಸೇವೆಯ ಸ್ಟೇಟಸ್ ಪುಟ ನೋಡಿ ಕಾಯಬೇಕು.

ಸ್ವಿಚ್‌ನ ಕೋಡ್ ನಾಲ್ಕು ಅಂಕಿ, ಅಡ್ಡಗೆರೆ, ಮತ್ತೆ ನಾಲ್ಕು ಅಂಕಿ. ಮೊದಲ ನಾಲ್ಕರಿಂದ 2000 ಕಳೆದರೆ ಸಿಗುವುದು ಸಿಸ್ಟಮ್ಮಿನ ಯಾವ ಭಾಗ ದೂರು ಕೊಡುತ್ತಿದೆ ಎಂಬ ಸಂಖ್ಯೆ. 2002 ಅಂದರೆ ಫೈಲ್ ಸಿಸ್ಟಮ್. 2005 ಅಂದರೆ ಆಟಗಳ ಡೇಟಾ ಸಂಗ್ರಹ. 2110 ಅಂದರೆ ನೆಟ್‌ವರ್ಕ್ ಸಂಪರ್ಕ. 2162 ಮತ್ತು 2168 ಸಾಫ್ಟ್‌ವೇರ್ ಕುಸಿತ. ಹಿಂದಿನ ನಾಲ್ಕು ಅಂಕಿ ಏನೇ ಇರಲಿ, 2002 ಅಥವಾ 2005 ಬಂದರೆ ಕೈ ಮೊದಲು ಹೋಗಬೇಕಾದದ್ದು ಎಸ್‌ಡಿ ಕಾರ್ಡಿನ ಕಡೆಗೆ.

ಎಕ್ಸ್‌ಬಾಕ್ಸ್‌ನ ಉದ್ದನೆಯ ಕೋಡ್ ನೋಡಿ ಗಾಬರಿಯಾಗುವವರೇ ಹೆಚ್ಚು, ಆದರೆ ಮೂರರಲ್ಲಿ ಅತಿ ಹೆಚ್ಚು ವಿವರ ಕೊಡುವುದು ಅದೇ. ಒಳಗಿರುವುದು ವಿಂಡೋಸ್ ಸಂತತಿಯ ಸಿಸ್ಟಮ್, ಕೋಡುಗಳೂ ಅಲ್ಲಿಯವೇ. 0ಎಕ್ಸ್ ಆದ ಮೇಲೆ 8007 ಇದ್ದರೆ, ಉಳಿದ ನಾಲ್ಕು ಸ್ಥಾನಗಳು ಹೆಕ್ಸಾಡೆಸಿಮಲ್‌ನಲ್ಲಿ (ಹತ್ತರ ಬದಲು ಹದಿನಾರರ ಎಣಿಕೆ) ಬರೆದ ಮಾಮೂಲಿ ವಿಂಡೋಸ್ ಎರರ್ ಸಂಖ್ಯೆ. 0ಎಕ್ಸ್80070070 ತೆಗೆದುಕೊಳ್ಳಿ: 0070 ಅಂದರೆ ದಶಮಾನದಲ್ಲಿ 112, ವಿಂಡೋಸ್‌ನಲ್ಲಿ 112 ಅಂದರೆ ಡಿಸ್ಕ್ ತುಂಬಿದೆ. 0ಎಕ್ಸ್8007045ಡಿ ಬಂದರೆ 045ಡಿ ಅಂದರೆ 1117, ಸಾಧನದಿಂದ ಓದುವಾಗ ಅಥವಾ ಬರೆಯುವಾಗ ತೊಂದರೆ. ಅಂದರೆ ಡಿಸ್ಕ್ ಇಲ್ಲವೇ ಹೊರಗಿನ ಡ್ರೈವ್ ಸರಿಯಿಲ್ಲ. 0017 ಅಂದರೆ 23, ಓದಿದ ಡೇಟಾ ತಾಳೆಯಾಗಲಿಲ್ಲ. 0015 ಅಂದರೆ 21, ಸಾಧನ ಸಿದ್ಧವಿಲ್ಲ. 0ಎಕ್ಸ್80072ಇಇ7ರಲ್ಲಿ 2ಇಇ7 ಅಂದರೆ 12007, ಸರ್ವರಿನ ಹೆಸರಿಗೆ ವಿಳಾಸ ಸಿಗಲಿಲ್ಲ, ವಿಳಾಸ ಹುಡುಕಿಕೊಡುವ ಸೇವೆಯಾದ ಡಿಎನ್‌ಎಸ್ ನೋಡಿ. 2ಇಇ2 ಅಂದರೆ 12002, ಕಾದು ಸಮಯ ಮೀರಿತು. 2ಇಎಫ್‌ಡಿ ಅಂದರೆ 12029, ಸಂಪರ್ಕವೇ ಆಗಲಿಲ್ಲ. ಈ ಲೆಕ್ಕಕ್ಕೆ ಕಂಪ್ಯೂಟರಿನಲ್ಲಿರುವ ಕ್ಯಾಲ್ಕುಲೇಟರಿನ ಪ್ರೋಗ್ರಾಮರ್ ಮೋಡ್ ಸಾಕು. ಒಂದು ಸಲ ಕಲಿತರೆ ಪಟ್ಟಿಯಲ್ಲಿಲ್ಲದ ಕೋಡನ್ನೂ ಓದಬಹುದು.

8007 ಇಲ್ಲದ ಕೋಡುಗಳಿಗೆ ಈ ಸೂತ್ರ ನಡೆಯುವುದಿಲ್ಲ. 0ಎಕ್ಸ್8027025ಎ ಅಂದರೆ ಆಟ ಶುರುವಾಗಲು ಮಿತಿಮೀರಿ ಸಮಯ ತೆಗೆದುಕೊಂಡಿತು. 0ಎಕ್ಸ್87ಡಿಡಿ0006 ಲಾಗಿನ್ ಸೇವೆಯದ್ದು, ಬಹುಪಾಲು ಸಲ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿದರೆ ಸರಿಹೋಗುತ್ತದೆ.

ಆಟ ಕುಸಿದು ಬೀಳುವುದು

ಪಿಎಸ್4ನ ಸಿಇ-34878-0, ಪಿಎಸ್5ನ ಸಿಇ-108255-1, ಸ್ವಿಚ್‌ನ 2162-0002 ಮತ್ತು 2168-0002 ಒಂದೇ ಕುಟುಂಬ. ಇಲ್ಲಿ ಚೀಟಿಯಲ್ಲಿ ಬರೆದಿಟ್ಟ ಸಂದರ್ಭ ಕೆಲಸಕ್ಕೆ ಬರುತ್ತದೆ.

ಒಂದೇ ಆಟ, ಒಂದೇ ಜಾಗದಲ್ಲಿ ಪ್ರತಿ ಸಲ ಕುಸಿದರೆ ಕನ್ಸೋಲಿನ ಮೇಲೆ ಅನುಮಾನ ಬೇಡ. ಆ ಆಟದ ಪ್ಯಾಚ್ ಬಂದಿದೆಯೇ ನೋಡಿ. ಹಳೆಯ ಸೇವ್ ತೆರೆದು ಅದೇ ಜಾಗ ದಾಟಲು ನೋಡಿ. ದಾಟಿದರೆ ಈಗಿನ ಸೇವ್ ಕೆಟ್ಟಿದೆ ಎಂದರ್ಥ. ಹೊಸ ಬಳಕೆದಾರ ಖಾತೆ ತೆರೆದು ಹೊಸ ಆಟ ಶುರುಮಾಡಿ ನೋಡುವುದೂ ಒಳ್ಳೆಯ ಪರೀಕ್ಷೆ, ಅದರಿಂದ ಯಾವುದಕ್ಕೂ ಹಾನಿಯಿಲ್ಲ.

ಒಂದೇ ಆಟ ಬೇರೆ ಬೇರೆ ಜಾಗದಲ್ಲಿ, ಅದರಲ್ಲೂ ಲೋಡಿಂಗ್ ಪರದೆಯ ಹೊತ್ತಿಗೆ ಕುಸಿದರೆ ಆ ಆಟದ ಡೇಟಾ ಕೆಟ್ಟಿರಬಹುದು. ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ. ಹೊರಗಿನ ಡ್ರೈವ್‌ನಲ್ಲಿದ್ದರೆ ಒಳಗಿನ ಸ್ಟೋರೇಜ್‌ಗೆ ಸರಿಸಿ ಆಡಿ ನೋಡಿ. ಒಳಗೆ ಸರಿಯಾಗಿ ಓಡಿ ಹೊರಗೆ ಕುಸಿದರೆ ಡ್ರೈವ್ ಅಥವಾ ಅದರ ಕೇಬಲ್ ಅಪರಾಧಿ. ಪಿಎಸ್4, ಪಿಎಸ್5ಗಳಲ್ಲಿ ಹೊರಗಿನ ಡ್ರೈವನ್ನು ಹಬ್ ಮೂಲಕ ಜೋಡಿಸಬಾರದು, ನೇರವಾಗಿ ಕನ್ಸೋಲಿಗೇ ಹಾಕಬೇಕು. ಡ್ರೈವ್ 250 ಜಿಬಿಗಿಂತ ಕಡಿಮೆಯಿರಬಾರದು, 8 ಟಿಬಿ ಮೀರಬಾರದು, ಯುಎಸ್‌ಬಿ 3.0 ಅಥವಾ ನಂತರದ್ದಾಗಿರಬೇಕು.

ಎಲ್ಲ ಆಟಗಳೂ ಲೋಡಿಂಗ್‌ನಲ್ಲೇ ತಡವರಿಸಿ ಕುಸಿಯುತ್ತಿದ್ದರೆ, ಮೆನು ಕೂಡ ಆಗಾಗ ಹೆಪ್ಪುಗಟ್ಟಿದಂತೆ ನಿಂತರೆ, ಒಳಗಿನ ಡಿಸ್ಕೇ ಹೋಗುತ್ತಿದೆ. ಪಿಎಸ್4ನಲ್ಲಿ ಇದು ತೀರಾ ಸಾಮಾನ್ಯ. ಒಳಗಿರುವುದು ತಿರುಗುವ 2.5 ಇಂಚಿನ ಹಾರ್ಡ್ ಡಿಸ್ಕ್, ಅದಕ್ಕೂ ಆಯಸ್ಸಿದೆ.

ಭಾರೀ ಗ್ರಾಫಿಕ್ಸ್ ಇರುವ ಆಟಗಳು ಮಾತ್ರ, ಆನ್ ಮಾಡಿದ ಅರ್ಧ ಮುಕ್ಕಾಲು ಗಂಟೆಗೆ, ಫ್ಯಾನ್ ಜೋರಾಗಿ ಕೂಗುತ್ತಿರುವಾಗ ಕುಸಿದು, ತಣ್ಣಗಾದ ಮೇಲೆ ಮತ್ತೆ ಚೆನ್ನಾಗಿ ಓಡಿದರೆ ಅದು ಶಾಖ. ಸುತ್ತ ಕನಿಷ್ಠ 10 ಸೆಂಟಿಮೀಟರ್ ಜಾಗ ಬಿಡಿ, ಮುಚ್ಚಿದ ಕಪಾಟಿನಿಂದ ಹೊರಗೆ ತೆಗೆಯಿರಿ. ಪಿಎಸ್5ನ ಪಕ್ಕದ ಹೊದಿಕೆ ಕಳಚಿದರೆ ಧೂಳು ಸೇರುವ ರಂಧ್ರಗಳು ಕಾಣುತ್ತವೆ, ಕಡಿಮೆ ಒತ್ತಡದ ವ್ಯಾಕ್ಯೂಮ್‌ನಿಂದ ಅಲ್ಲಿಂದ ಎಳೆಯಬೇಕು. ಗಾಳಿಯ ಕ್ಯಾನ್ ಬಳಸುವುದಾದರೆ ಕ್ಯಾನನ್ನು ನೆಟ್ಟಗೆ ಹಿಡಿಯಿರಿ, ಬಾಗಿಸಿದರೆ ಒಳಗಿನ ದ್ರವ ಹೊರಗೆ ಚಿಮ್ಮುತ್ತದೆ. ಫ್ಯಾನಿನ ರೆಕ್ಕೆ ಗಾಳಿಗೆ ಗಿರ್ರನೆ ತಿರುಗದಂತೆ ಒಂದು ಕಡ್ಡಿಯಿಂದ ತಡೆದಿಡಿ, ಇಲ್ಲವಾದರೆ ಬೇರಿಂಗ್ ಹಾಳು. ಹಳೆಯ ಪಿಎಸ್4ನಲ್ಲಿ ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿದರೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಪಿಎಸ್5ನಲ್ಲಿ ಆ ಜಾಗದಲ್ಲಿರುವುದು ದ್ರವ ಲೋಹ, ಅದು ವಿದ್ಯುತ್ ಹರಿಸುತ್ತದೆ. ಒಂದು ಹನಿ ಬೋರ್ಡಿನ ಮೇಲೆ ಜಾರಿದರೆ ಕನ್ಸೋಲ್ ಮುಗಿಯಿತು. ಹೀಟ್‌ಸಿಂಕ್ ಎತ್ತುವ ಕೆಲಸ ಮನೆಯಲ್ಲಿ ಮಾಡಲೇಬೇಡಿ.

ಸೇಫ್ ಮೋಡ್, ಮತ್ತು ಅಲ್ಲಿ ಯಾವುದನ್ನು ಮುಟ್ಟಬೇಕು

ಪಿಎಸ್4, ಪಿಎಸ್5 ಎರಡರಲ್ಲೂ ದಾರಿ ಒಂದೇ. ಕನ್ಸೋಲ್ ಪೂರ್ತಿ ಆಫ್ ಆಗಿರಬೇಕು, ರೆಸ್ಟ್ ಮೋಡ್ ನಡೆಯುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿಯಿರಿ. ಒತ್ತಿದಾಗ ಒಂದು ಬೀಪ್, ಸುಮಾರು 7 ಸೆಕೆಂಡಿಗೆ ಎರಡನೆಯ ಬೀಪ್, ಆಗ ಬಿಡಿ. ಕಂಟ್ರೋಲರನ್ನು ಕೇಬಲ್‌ನಿಂದ ಜೋಡಿಸಿ ಪಿಎಸ್ ಬಟನ್ ಒತ್ತಿ. ಕೇಬಲ್ ಜೋಡಿಸಿಯೂ ಕಂಟ್ರೋಲರ್ ಸ್ಪಂದಿಸದಿದ್ದರೆ ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಮಾಡುವ, ಡೇಟಾ ಹರಿಸದ ಕೇಬಲ್‌ಗಳು ಮನೆಗಳಲ್ಲಿ ಬೇಕಾದಷ್ಟಿರುತ್ತವೆ.

ಏಳು ಆಯ್ಕೆಗಳು ಬರುತ್ತವೆ. 1 ಬರೀ ರೀಸ್ಟಾರ್ಟ್. 2 ಟಿವಿ ಪರದೆ ಕಪ್ಪಾದಾಗ ಬೇಕಾಗುವ ರೆಸಲ್ಯೂಶನ್ ಬದಲಾವಣೆ. 3 ಅಪ್‌ಡೇಟ್. 4 ಸೆಟ್ಟಿಂಗ್ಸ್ ಮಾತ್ರ ಮೊದಲಿನಂತೆ. 5 ಡೇಟಾಬೇಸ್ ಮರುರಚನೆ, ಪಿಎಸ್5ನಲ್ಲಿ ಇದರ ಜೊತೆಗೆ ಕ್ಯಾಶ್ (ತಾತ್ಕಾಲಿಕವಾಗಿ ಕೂಡಿಟ್ಟ ಡೇಟಾ) ಅಳಿಸುವುದೂ ಇದೆ. 6 ಮತ್ತು 7 ಎಲ್ಲವನ್ನೂ ಅಳಿಸುತ್ತವೆ. 7 ಸಿಸ್ಟಮ್ ಸಾಫ್ಟ್‌ವೇರನ್ನೂ ಹೊಸದಾಗಿ ಹಾಕುತ್ತದೆ.

ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ನಿಜವಾದ ಔಷಧ 5. ಡಿಸ್ಕಿನಲ್ಲಿ ಏನೇನಿದೆ ಎಂಬ ಸೂಚಿಯನ್ನು ಅದು ಹೊಸದಾಗಿ ಬರೆಯುತ್ತದೆ, ಆಟ ಮತ್ತು ಸೇವ್‌ಗಳನ್ನು ಮುಟ್ಟುವುದಿಲ್ಲ. ತೀರಾ ಕೆಟ್ಟುಹೋದ ಫೈಲ್‌ಗಳಿದ್ದರೆ ಅವು ಮಾತ್ರ ಪಟ್ಟಿಯಿಂದ ಹೋಗಬಹುದು. ಡಿಸ್ಕ್ ಖಾಲಿಯಿದ್ದರೆ ನಿಮಿಷಗಳಲ್ಲಿ ಮುಗಿಯುತ್ತದೆ, ತುಂಬಿದ್ದರೆ ಗಂಟೆಗಳೂ ಹಿಡಿಯಬಹುದು. ನಡುವೆ ಪವರ್ ತೆಗೆಯಬೇಡಿ. ಮರುರಚನೆ ಮುಗಿದ ಮೇಲೆ ಕೆಲ ದಿನ ಸರಿಯಿದ್ದು ಅದೇ ತೊಂದರೆ ಮರುಕಳಿಸಿದರೆ, ಡಿಸ್ಕಿನ ಮೇಲ್ಮೈಯಲ್ಲೇ ಕೆಟ್ಟ ಜಾಗಗಳು ಬೆಳೆಯುತ್ತಿವೆ ಎಂದು ತಿಳಿಯಬೇಕು. 6 ಅಥವಾ 7 ಒತ್ತಿದರೂ ಅದು ವಾಸಿಯಾಗದು, ಡಿಸ್ಕ್ ಬದಲಿಸಬೇಕು.

ಎಸ್‌ಯು-30746-0 ಪಿಎಸ್4 ಆನ್ ಆಗುವಾಗಲೇ ಬರುವ ಕೋಡ್, ಅಪ್‌ಡೇಟ್ ಫೈಲ್ ಕೆಟ್ಟಿದೆ ಅಥವಾ ಸಿಗುತ್ತಿಲ್ಲ ಎಂದರ್ಥ. ಪೆನ್‌ಡ್ರೈವನ್ನು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಅದರಲ್ಲಿ ಪಿಎಸ್4 ಎಂಬ ಫೋಲ್ಡರ್, ಅದರೊಳಗೆ ಅಪ್‌ಡೇಟ್ ಎಂಬ ಫೋಲ್ಡರ್, ಅದರೊಳಗೆ ತಯಾರಕರ ಪುಟದಿಂದಲೇ ಇಳಿಸಿದ ಪಿಎಸ್4ಅಪ್‌ಡೇಟ್ ಹೆಸರಿನ ಪಿಯುಪಿ ಫೈಲ್. ಹೆಸರುಗಳೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ. ಎರಡು ಸಲ ಇಳಿಸಿದ್ದರೆ ಬ್ರೌಸರ್ ಫೈಲಿನ ಹೆಸರಿನ ಕೊನೆಗೆ ಆವರಣದೊಳಗೆ 1 ಎಂದು ಸೇರಿಸಿರುತ್ತದೆ, ಅದನ್ನು ತೆಗೆಯದಿದ್ದರೆ ಕನ್ಸೋಲಿಗೆ ಫೈಲ್ ಕಾಣುವುದೇ ಇಲ್ಲ. ಆಮೇಲೆ ಸೇಫ್ ಮೋಡ್‌ನಲ್ಲಿ 3 ಆರಿಸಿ, ಯುಎಸ್‌ಬಿಯಿಂದ ಅಪ್‌ಡೇಟ್ ಮಾಡಿ. ಇದರಿಂದ ಸೇವ್ ಹೋಗುವುದಿಲ್ಲ. ಪಿಎಸ್5ಗೂ ಇದೇ ಕ್ರಮ, ಫೋಲ್ಡರ್ ಮತ್ತು ಫೈಲಿನ ಹೆಸರಿನಲ್ಲಿ 4ರ ಜಾಗದಲ್ಲಿ 5.

ಡಿಸ್ಕ್ ಬದಲಿಸಿದ ಪಿಎಸ್4ಗೆ ಮಾತ್ರ ಬೇರೆ ಫೈಲ್ ಬೇಕು. ಅಪ್‌ಡೇಟ್ ಫೈಲ್ ಮತ್ತು ಮರುಸ್ಥಾಪನೆಯ ಫೈಲ್ ಎರಡಕ್ಕೂ ಹೆಸರು ಒಂದೇ, ಗಾತ್ರ ಬೇರೆ, ಮರುಸ್ಥಾಪನೆಯದು ದೊಡ್ಡದು. ಖಾಲಿ ಡಿಸ್ಕಿಗೆ ಚಿಕ್ಕ ಫೈಲ್ ಕೊಟ್ಟರೆ ಎಸ್‌ಯು-41333-4 ಬರುತ್ತದೆ. ಜನ ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡು ಮೂರು ನಾಲ್ಕು ಡ್ರೈವ್ ಬದಲಿಸಿ ಸುಸ್ತಾಗುವುದು ಇದೇ ಕೋಡಿಗೆ. ದೊಡ್ಡ ಫೈಲ್ ಹಾಕಿ, 7 ಆರಿಸಿ.

ಹೊಸ ಡಿಸ್ಕ್ 2.5 ಇಂಚಿನ ಸಾಟಾ ಆಗಿರಬೇಕು, ದಪ್ಪ 9.5 ಮಿಲಿಮೀಟರ್ ಮೀರಬಾರದು, 160 ಜಿಬಿಗಿಂತ ಕಡಿಮೆ ಇರಬಾರದು. 2 ಟಿಬಿಯ ಮೇಲಿನ ಕೆಲವು 2.5 ಇಂಚಿನ ಡಿಸ್ಕ್‌ಗಳು 15 ಮಿಲಿಮೀಟರ್ ದಪ್ಪ, ಅವು ಒಳಗೆ ಕೂರುವುದಿಲ್ಲ. ಸಿಇ-34335-8 ಬಂದರೆ ಕನ್ಸೋಲಿಗೆ ಡಿಸ್ಕ್ ಸಿಗುತ್ತಿಲ್ಲ ಎಂದರ್ಥ. ಹೊಸದು ಕೊಳ್ಳುವ ಮುಂಚೆ ಹಳೆಯದನ್ನೇ ಒಮ್ಮೆ ಹೊರಗೆ ತೆಗೆದು ಗಟ್ಟಿಯಾಗಿ ಕೂರಿಸಿ ನೋಡಿ. ಕನ್ಸೋಲ್ ಬಿದ್ದಿದ್ದರೆ, ಪ್ರಯಾಣ ಮಾಡಿದ್ದರೆ ಡಿಸ್ಕ್ ಸಡಿಲವಾಗಿರುವುದು ಉಂಟು.

ಎಕ್ಸ್‌ಬಾಕ್ಸ್‌ನಲ್ಲಿ ಮೊದಲ ಕ್ರಮ ಪೂರ್ತಿ ಆಫ್: ಮುಂದಿನ ಬಟನ್ 10 ಸೆಕೆಂಡ್ ಒತ್ತಿ ಹಿಡಿಯುವುದು. ಇಷ್ಟಕ್ಕೇ ಕ್ಯಾಶ್ ಖಾಲಿಯಾಗಿ ಹಲವು ತಾತ್ಕಾಲಿಕ ಕೋಡುಗಳು ಹೋಗುತ್ತವೆ. ಇ100, ಇ102 ಹೀಗೆ ಇ ಅಕ್ಷರದ ಕೋಡ್ ಆನ್ ಆಗುವಾಗಲೇ ಬಂದರೆ ಟ್ರಬಲ್‌ಶೂಟರ್‌ಗೆ ಹೋಗಬೇಕು. ಪವರ್ ಕೇಬಲ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ. ಪೇರ್ ಮತ್ತು ಇಜೆಕ್ಟ್ ಎರಡನ್ನೂ ಹಿಡಿದುಕೊಂಡು ಎಕ್ಸ್‌ಬಾಕ್ಸ್ ಬಟನ್ ಒತ್ತಿ. ಎರಡು ಸಲ ಆನ್ ಆಗುವ ಸದ್ದು ಕೇಳುವವರೆಗೆ ಆ ಎರಡನ್ನು ಬಿಡಬೇಡಿ. ಡಿಸ್ಕ್ ಡ್ರೈವ್ ಇಲ್ಲದ ಸೀರೀಸ್ ಎಸ್‌ನಲ್ಲಿ ಪೇರ್ ಬಟನ್ ಒಂದೇ ಸಾಕು. ಅಲ್ಲಿ ಆಫ್‌ಲೈನ್ ಅಪ್‌ಡೇಟ್ ಆಯ್ಕೆಯಿದೆ. ಪೆನ್‌ಡ್ರೈವ್ 8 ಜಿಬಿಯಾದರೂ ಇರಲಿ, ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರಬೇಕು. ಪ್ಲೇಸ್ಟೇಷನ್‌ಗೆ ಮಾಡಿದ ಫ್ಯಾಟ್32 ಡ್ರೈವ್ ಇಲ್ಲಿ ನಡೆಯುವುದಿಲ್ಲ. ಒಎಸ್‌ಯು1 ಎಂಬ ಜಿಪ್ ಇಳಿಸಿ ಬಿಚ್ಚಿದರೆ ಡಾಲರ್ ಚಿಹ್ನೆಯಿಂದ ಶುರುವಾಗುವ ಸಿಸ್ಟಮ್‌ಅಪ್‌ಡೇಟ್ ಫೋಲ್ಡರ್ ಸಿಗುತ್ತದೆ, ಅದನ್ನು ಹಾಗೆಯೇ ಡ್ರೈವಿನ ಮೂಲದಲ್ಲಿಡಿ, ಬೇರೆ ಫೋಲ್ಡರಿನೊಳಗೆ ಹಾಕಬೇಡಿ. ರೀಸೆಟ್ ಮಾಡಲೇಬೇಕಾದರೆ ಆಟ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಮೊದಲು.

ಸ್ವಿಚ್ ಹೆಪ್ಪುಗಟ್ಟಿದರೆ ಪವರ್ ಬಟನ್ 12 ಸೆಕೆಂಡಿಗೂ ಹೆಚ್ಚು ಹಿಡಿದರೆ ಆಫ್ ಆಗುತ್ತದೆ. ವಾಲ್ಯೂಮ್‌ನ ಎರಡೂ ಬಟನ್ ಹಿಡಿದುಕೊಂಡು ಪವರ್ ಒತ್ತಿದರೆ ಮೇಂಟೆನೆನ್ಸ್ ಮೋಡ್. ಅಲ್ಲಿ ಅಪ್‌ಡೇಟ್ ಇದೆ, ಸೇವ್ ಅಳಿಸದೆ ಇನಿಶಿಯಲೈಸ್ ಮಾಡುವ ಆಯ್ಕೆಯೂ ಇದೆ. ಮಾಡುವುದಾದರೆ ಅದನ್ನೇ ಮಾಡಿ, ಹೆಸರನ್ನು ಎರಡು ಸಲ ಓದಿ ಒತ್ತಿ.

ಎಸ್‌ಡಿ ಕಾರ್ಡ್

ಸ್ವಿಚ್‌ನಲ್ಲಿ 2002, 2005, 2016ರಿಂದ ಶುರುವಾಗುವ ಕೋಡುಗಳು ಬಂದರೆ ಕಾರ್ಡನ್ನು ತೆಗೆದು ಕನ್ಸೋಲ್ ಓಡಿಸುವುದೇ ನಿರ್ಣಾಯಕ ಪರೀಕ್ಷೆ. ಕಾರ್ಡ್ ಇಲ್ಲದೆ ಕೋಡ್ ನಿಂತರೆ ಕಾರ್ಡ್‌ನದ್ದೇ ದೋಷ. ಆಫ್ ಮಾಡಿ, ಕಾರ್ಡಿನ ಹಳದಿ ಸಂಪರ್ಕಗಳನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ಆಟದ ಆಯ್ಕೆಗಳಲ್ಲಿ ಮ್ಯಾನೇಜ್ ಸಾಫ್ಟ್‌ವೇರ್, ಚೆಕ್ ಫಾರ್ ಕರಪ್ಟ್ ಡೇಟಾ ಓಡಿಸಿ. ಅದು ಕೆಟ್ಟ ಭಾಗವನ್ನು ಮಾತ್ರ ಮತ್ತೆ ಇಳಿಸುತ್ತದೆ.

ನಕಲಿ ಕಾರ್ಡ್‌ಗಳ ಬಗ್ಗೆ ಒಂದು ಮಾತು. 256 ಜಿಬಿ ಎಂದು ಬರೆದ ಕಾರ್ಡಿನೊಳಗೆ ನಿಜಕ್ಕೂ 32 ಜಿಬಿ ಇದ್ದರೆ, ಮೊದಲ 32 ಜಿಬಿವರೆಗೆ ಎಲ್ಲ ಚೆನ್ನಾಗಿರುತ್ತದೆ. ಅಲ್ಲಿಂದ ಮುಂದೆ ಬರೆದದ್ದು ಹಳೆಯದರ ಮೇಲೆಯೇ ಕೂರುತ್ತದೆ, ಇಲ್ಲವೇ ಮಾಯವಾಗುತ್ತದೆ. ಅದಕ್ಕೇ ತಿಂಗಳುಗಟ್ಟಲೆ ಸರಿಯಿದ್ದ ಕಾರ್ಡ್ ಒಂದು ದಿನ ಇದ್ದಕ್ಕಿದ್ದಂತೆ 2005-0003 ಕೊಡಲು ಶುರುಮಾಡುವುದು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಚಿತ ಸಾಫ್ಟ್‌ವೇರಿನಿಂದ ಪೂರ್ತಿ ಬರೆದು ಓದಿಸಿದರೆ ನಿಜವಾದ ಗಾತ್ರ ತಿಳಿಯುತ್ತದೆ. ಹೊಸ ಕಾರ್ಡ್ ಕೊಂಡ ದಿನವೇ, ಖಾಲಿಯಿರುವಾಗಲೇ ಈ ಪರೀಕ್ಷೆ ಮಾಡುವುದು ಉತ್ತಮ.

ನೆಟ್‌ವರ್ಕ್: ಎಲ್ಲಿ ನಿಂತಿತು ನೋಡಿ

ಪ್ಲೇಸ್ಟೇಷನ್‌ನ ಇಂಟರ್ನೆಟ್ ಪರೀಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ: ಮೊದಲು ಐಪಿ ವಿಳಾಸ, ಆಮೇಲೆ ಇಂಟರ್ನೆಟ್, ಆಮೇಲೆ ಪಿಎಸ್‌ಎನ್ (ಪ್ಲೇಸ್ಟೇಷನ್ ನೆಟ್‌ವರ್ಕ್) ಲಾಗಿನ್, ಕೊನೆಗೆ ನ್ಯಾಟ್ (ಮನೆಯ ಸಾಧನಗಳೆಲ್ಲ ಒಂದೇ ಹೊರಗಿನ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ವಿಧ ಮತ್ತು ವೇಗ. ಯಾವ ಮೆಟ್ಟಿಲಲ್ಲಿ ಜಾರಿತು ಎಂಬುದು ಕೋಡಿಗಿಂತ ಹೆಚ್ಚು ಹೇಳುತ್ತದೆ.

ಐಪಿಯೇ ಸಿಗದಿದ್ದರೆ ತೊಂದರೆ ಕನ್ಸೋಲ್ ಮತ್ತು ರೌಟರಿನ ನಡುವೆ. ಎನ್‌ಡಬ್ಲ್ಯು-31297-2 ಸಾಮಾನ್ಯವಾಗಿ ವೈಫೈ ಪಾಸ್‌ವರ್ಡ್ ತಪ್ಪು. ಪಾಸ್‌ವರ್ಡ್ ಸರಿಯಿದ್ದೂ ಸೇರದಿದ್ದರೆ ರೌಟರಿನ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದೆಯೇ ನೋಡಿ. ಪಿಎಸ್4ಗೆ ಅದು ಅರ್ಥವಾಗುವುದಿಲ್ಲ, ಡಬ್ಲ್ಯುಪಿಎ2 ಅಥವಾ ಎರಡೂ ಸೇರಿದ ಮೋಡ್‌ಗೆ ಬದಲಿಸಿ. ಮೊದಲ ಮಾದರಿಯ ದಪ್ಪ ಪಿಎಸ್4ಗೆ 5 ಗಿಗಾಹರ್ಟ್ಸ್ ವೈಫೈಯೇ ಇಲ್ಲ, 2.4 ಮಾತ್ರ, ಸ್ಲಿಮ್ ಮತ್ತು ಪ್ರೊಗಳಲ್ಲಿ ಎರಡೂ ಇವೆ.

ಐಪಿ ಸಿಕ್ಕಿ ಇಂಟರ್ನೆಟ್ ಹತ್ತಿರ ಜಾರಿದರೆ, ಫೋನಿನಲ್ಲಿ ಅದೇ ವೈಫೈ ಓಡುತ್ತಿದ್ದರೆ, ಡಿಎನ್‌ಎಸ್ ಬದಲಿಸಿ: ಮೊದಲನೆಯದು 8.8.8.8, ಎರಡನೆಯದು 8.8.4.4. ಎಕ್ಸ್‌ಬಾಕ್ಸ್‌ನ 2ಇಇ7ಕ್ಕೂ ಸ್ವಿಚ್‌ನ ಅನೇಕ 2110 ಕೋಡುಗಳಿಗೂ ಇದೇ ಮದ್ದು. ಎಕ್ಸ್‌ಬಾಕ್ಸ್‌ನಲ್ಲಿ ಇದರ ಜೊತೆಗೆ ನೆಟ್‌ವರ್ಕ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ಆಲ್ಟರ್ನೇಟ್ ಮ್ಯಾಕ್ ಅಡ್ರೆಸ್, ಕ್ಲಿಯರ್ ಮಾಡಿ ರೀಸ್ಟಾರ್ಟ್ ಕೊಡಿ.

ಲಾಗಿನ್ ಆಗುತ್ತದೆ, ಆದರೆ ಡೌನ್‌ಲೋಡ್ ನಡುವೆ ನೇತಾಡುತ್ತದೆ ಎಂದಾದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ನೋಡಬಹುದು. ಸಾಮಾನ್ಯ ಮೌಲ್ಯ 1500. ಪಿಪಿಪಿಒಇ (ಸೇವಾದಾರರಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಸಂಪರ್ಕದಲ್ಲಿ 8 ಬೈಟ್ ಅದಕ್ಕೇ ಖರ್ಚಾಗುವುದರಿಂದ 1492. 1473 ಹಾಕಿ ಎನ್ನುವ ಸಲಹೆ ಎಲ್ಲೆಡೆ ಓಡಾಡುತ್ತದೆ, ಅದಕ್ಕೆ ವಿಶೇಷ ಅರ್ಥವೇನಿಲ್ಲ. 1492ಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ಕೆಲವೊಮ್ಮೆ ಫಲಿಸುತ್ತದೆ, ಅಷ್ಟೇ. ಸ್ವಿಚ್‌ನ ಪೂರ್ವನಿಗದಿತ ಮೌಲ್ಯ 1400, ಅದನ್ನು 1500ಕ್ಕೆ ಏರಿಸಿದರೆ ಡೌನ್‌ಲೋಡ್ ಚುರುಕಾಗಬಹುದು.

ಎಲ್ಲ ಸರಿಯಿದ್ದೂ ಸ್ನೇಹಿತರ ಜೊತೆ ಆಡಲು, ಮಾತಾಡಲು ಆಗದಿದ್ದರೆ ಅದು ನ್ಯಾಟ್. ಸ್ವಿಚ್‌ನ 2618-0516 ಇದೇ. ಪ್ಲೇಸ್ಟೇಷನ್‌ನಲ್ಲಿ ಟೈಪ್ 3, ಎಕ್ಸ್‌ಬಾಕ್ಸ್‌ನಲ್ಲಿ ಸ್ಟ್ರಿಕ್ಟ್, ಸ್ವಿಚ್‌ನಲ್ಲಿ ಡಿ ಎಂದು ಕಂಡರೆ ಹೊರಗಿನವರ ಪ್ಯಾಕೆಟ್ ಒಳಗೆ ಬರುತ್ತಿಲ್ಲ. ಮೊದಲು ರೌಟರಿನಲ್ಲಿ ಯುಪಿಎನ್‌ಪಿ (ಬೇಕಾದ ಪೋರ್ಟನ್ನು ತಾನಾಗಿ ತೆರೆಯುವ ಸೌಲಭ್ಯ) ಆನ್ ಮಾಡಿ, ರೌಟರನ್ನೂ ಕನ್ಸೋಲನ್ನೂ ರೀಸ್ಟಾರ್ಟ್ ಮಾಡಿ. ಫಲಿಸದಿದ್ದರೆ ಕನ್ಸೋಲಿಗೆ ಸ್ಥಿರ ಐಪಿ ಕೊಟ್ಟು ಪೋರ್ಟ್ ತೆರೆಯಿರಿ: ಎಕ್ಸ್‌ಬಾಕ್ಸ್‌ಗೆ ಯುಡಿಪಿ 3074, ಪ್ಲೇಸ್ಟೇಷನ್‌ಗೆ ಟಿಸಿಪಿ 3478ರಿಂದ 3480, ಯುಡಿಪಿ 3478 ಮತ್ತು 3479. ಸ್ವಿಚ್‌ಗೆ ಯುಡಿಪಿ 1ರಿಂದ 65535ರವರೆಗೆ ಎಲ್ಲವನ್ನೂ ಕಳಿಸಿ ಎಂದು ತಯಾರಕರೇ ಹೇಳುತ್ತಾರೆ. ಅದೇ ಮನೆಯಲ್ಲಿ ಬೇರೆ ಕನ್ಸೋಲ್ ಇದ್ದರೆ ಅದರ ಪೋರ್ಟ್‌ಗಳನ್ನೂ ಇದು ನುಂಗುತ್ತದೆ, ಹಾಗಾಗಿ ಕೊನೆಗೆ ಮಾಡಿ.

ಇಷ್ಟಕ್ಕೂ ಬಗ್ಗದಿದ್ದರೆ ರೌಟರಿನ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೌಟರಿಗೆ ಹೊರಗಿನಿಂದ ಸಿಕ್ಕ ವಿಳಾಸ, ನೋಡಿ. 192.168 ಅಥವಾ 10ರಿಂದ ಶುರುವಾದರೆ ಅದರ ಹಿಂದೆ ಇನ್ನೊಂದು ರೌಟರ್ ಇರಬಹುದು, ಇದ್ದರೆ ಎರಡರಲ್ಲಿ ಒಂದನ್ನು ಬ್ರಿಜ್ ಅಥವಾ ಆ್ಯಕ್ಸೆಸ್ ಪಾಯಿಂಟ್ ಮಾಡಿ. 100.64ರಿಂದ 100.127ರವರೆಗಿನ ವಿಳಾಸವಾದರೆ ನಿಮ್ಮ ಸೇವಾದಾರರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಆಗ ಮನೆಯೊಳಗೆ ಎಷ್ಟು ಪೋರ್ಟ್ ತೆರೆದರೂ ಉಪಯೋಗವಿಲ್ಲ, ಸಾರ್ವಜನಿಕ ಐಪಿ ಬೇಕೆಂದು ಅವರನ್ನೇ ಕೇಳಬೇಕು.

ಲೈಸೆನ್ಸ್ ಮತ್ತು ಡಿಸ್ಕ್

ಕೊಂಡ ಆಟಕ್ಕೆ ಬೀಗದ ಚಿಹ್ನೆ ಬಂದರೆ ಡೇಟಾ ಅಳಿಸಬೇಡಿ, ಅದು ಲೈಸೆನ್ಸಿನ ವಿಷಯ. ಪಿಎಸ್4ನಲ್ಲಿ ಅಕೌಂಟ್ ಮ್ಯಾನೇಜ್‌ಮೆಂಟ್, ರಿಸ್ಟೋರ್ ಲೈಸೆನ್ಸಸ್. ಪಿಎಸ್5ನಲ್ಲಿ ಯೂಸರ್ಸ್ ಆ್ಯಂಡ್ ಅಕೌಂಟ್ಸ್, ಅದರ್, ರಿಸ್ಟೋರ್ ಲೈಸೆನ್ಸಸ್. ಎಕ್ಸ್‌ಬಾಕ್ಸ್‌ನ 0ಎಕ್ಸ್803ಎಫ್8001ಕ್ಕೆ ಆಟ ಕೊಂಡ ಖಾತೆಯಿಂದ ಲಾಗಿನ್ ಆಗಿ, ಇಲ್ಲವೇ ಆ ಕನ್ಸೋಲನ್ನು ಹೋಮ್ ಎಕ್ಸ್‌ಬಾಕ್ಸ್ ಮಾಡಿ. ಹೋಮ್ ಬದಲಿಸಲು ವರ್ಷಕ್ಕೆ 5 ಅವಕಾಶ ಮಾತ್ರ.

ಪಿಎಸ್5ನ ಸಿಇ-100005-6 ಡಿಸ್ಕ್ ಓದಲಾಗಲಿಲ್ಲ ಎನ್ನುತ್ತದೆ. ಎಳೆ ಬಿಡದ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಒರೆಸಬೇಡಿ. ಸುತ್ತ ಬೀಳುವ ಗೀರು ಓದುವ ಸಾಲಿನ ಉದ್ದಕ್ಕೂ ಹೋಗುತ್ತದೆ, ಅಡ್ಡಗೀರನ್ನು ತಿದ್ದಿಕೊಂಡಷ್ಟು ಸುಲಭವಾಗಿ ಲೇಸರ್ ಅದನ್ನು ತಿದ್ದಿಕೊಳ್ಳಲಾರದು. ಬೇರೆ ಎರಡು ಡಿಸ್ಕ್ ಹಾಕಿ ನೋಡಿ. ಅವು ಓಡಿದರೆ ಡಿಸ್ಕ್ ಕೆಟ್ಟಿದೆ, ಯಾವುದೂ ಓಡದಿದ್ದರೆ ಡ್ರೈವ್.

ಡ್ರೈವ್ ಬದಲಿಸಲು ಹೊರಟವರಿಗೆ ಇದು ಗೊತ್ತಿರಬೇಕು. ಆರಂಭದ ಪಿಎಸ್4 ಮಾದರಿಗಳಲ್ಲಿ ಮತ್ತು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಡ್ರೈವಿನ ಸರ್ಕ್ಯೂಟ್ ಬೋರ್ಡ್ ಮತ್ತು ಮುಖ್ಯ ಬೋರ್ಡ್ ಒಂದಕ್ಕೊಂದು ಜೋಡಿಯಾಗಿವೆ. ಬೇರೆ ಕನ್ಸೋಲಿನ ಡ್ರೈವನ್ನು ಹಾಗೇ ತಂದು ಹಾಕಿದರೆ ಅದು ಆಟವನ್ನು ಓದುವುದಿಲ್ಲ. ಹೊಸ ಡ್ರೈವಿನ ಲೇಸರ್ ಮತ್ತು ಯಂತ್ರಭಾಗ ಇಟ್ಟುಕೊಂಡು, ಹಳೆಯ ಡ್ರೈವಿನ ಬೋರ್ಡನ್ನು ಅದಕ್ಕೆ ವರ್ಗಾಯಿಸಬೇಕು. 2023ರ ತೆಳು ಪಿಎಸ್5ನ ಕಳಚುವ ಡ್ರೈವನ್ನು ಹೊಸದಾಗಿ ಹಾಕಿದರೆ ಒಮ್ಮೆ ಇಂಟರ್ನೆಟ್ ಮೂಲಕ ಕನ್ಸೋಲಿಗೆ ಜೋಡಿಸಿಕೊಳ್ಳಬೇಕು. ರಿಪೇರಿಗೆ ಕೊಡುವಾಗಲೂ ಹಳೆಯ ಬೋರ್ಡನ್ನು ಬಿಸಾಡದೆ ಜೊತೆಗೇ ಕೊಡಿ, ಕೋಡ್ ಬರೆದ ಚೀಟಿಯ ಸಮೇತ.